ತೀಸ್ತಾ: ಬರೀ 1.8 ಟಿಎಂಸಿ ನೀರು ಒಂದು ಡ್ಯಾಮನ್ನೇ ಹೊತ್ತೊಯ್ದಿದ್ದು ಹೇಗೆ?

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ಒಂದು ತಪ್ಪು ಒಪ್ಕೋಬೇಕು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನಲ್ಲಿ ಪ್ರವಾಹ ಬಂದಾಗ ನಾನೊಂದು ಅವಸರದ ಎಪಿಸೋಡ್ ಮಾಡಿದ್ದೆ. ಅದರಲ್ಲಿ "ಮೇಘಸ್ಫೋಟ ಆಗಿ ತೀಸ್ತಾ ನದಿ ಉಕ್ಕಿ ಹರೀತು" ಅಂತ ಹೇಳಿದ್ದೆ. ಮೊದಲ ದಿನ ಎಲ್ಲಾ ಚಾನೆಲ್‌ಗಳೂ ಅದನ್ನೇ ಹೇಳ್ತಿದ್ವು, ನಾನೂ ಹೇಳಿಬಿಟ್ಟೆ. ಶಿವಮೊಗ್ಗದ ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು: "ಗುರು, ಅಷ್ಟೊಂದು ನೀರು ಬರೋ ಮಳೆ ಆ ರಾತ್ರಿ ಅಲ್ಲಿ ಬಿದ್ದೇ ಇಲ್ಲ. ಇನ್ನೊಂದ್ಸಲ ನೋಡಿ ಹೇಳಿ."

ಅವರು ಹೇಳಿದ್ದು ಸರಿ. ನೋಡೋಕೆ ನನಗೆ ಸ್ವಲ್ಪ ಜಾಸ್ತಿನೇ ಟೈಮ್ ಹಿಡೀತು. ಓದಿದ್ದು ಬಿ.ಕಾಂ, ಜಿಯಾಗ್ರಫಿಗೂ ನನಗೂ ಹತ್ತನೇ ಕ್ಲಾಸಿಗೇ ಸಂಬಂಧ ಮುಗಿದಿತ್ತು. ಆದರೂ ಈ ನದಿಯನ್ನ ಸುಮ್ನೆ ಬಿಡೋಕೆ ಆಗ್ಲಿಲ್ಲ. ಯಾಕಂದ್ರೆ ಪ್ರವಾಹಕ್ಕೆ ಐದು ತಿಂಗಳು ಮುಂಚೆ, 2023ರ ಮೇನಲ್ಲಿ, ನಾನು ಅದೇ ದಡದಲ್ಲಿ ನಿಂತು ಟೀ ಕುಡಿದಿದ್ದೆ.

ಮೂರು ಜನ ಫ್ರೆಂಡ್ಸ್ ಹೋಗಿದ್ವಿ. ಸಿಲಿಗುರಿಯಿಂದ ಗ್ಯಾಂಗ್‌ಟಾಕ್, ಅಲ್ಲಿಂದ ಉತ್ತರ ಸಿಕ್ಕಿಂ. ಉತ್ತರ ಸಿಕ್ಕಿಂಗೆ ಹೋಗೋಕೆ ಪರ್ಮಿಟ್ ಬೇಕು, ಅಲ್ಲಿನ ಟ್ಯಾಕ್ಸಿಯಲ್ಲೇ ಹೋಗಬೇಕು. ನಮಗೆ ಸಿಕ್ಕಿದ ಡ್ರೈವರ್‌ಗೆ ನಲವತ್ತರ ಹತ್ತಿರದ ವಯಸ್ಸು. ಎಲ್ರೂ ಅವರನ್ನ ದಾಜು ಅಂತಿದ್ರು. ದಾಜು ಅಂದ್ರೆ ನೇಪಾಳಿಯಲ್ಲಿ ಅಣ್ಣ. ಬಾಡಿಗೆ ವಿಷಯಕ್ಕೆ ಅವರ ಹತ್ರ 500 ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿದ್ದೆ. ಗೆದ್ದೂ ಇದ್ದೆ. ಇದನ್ನ ಯಾಕೆ ಹೇಳ್ತಿದೀನಿ ಅನ್ನೋದು ಆಮೇಲೆ ಗೊತ್ತಾಗುತ್ತೆ.

ಮೊದಲು ನದಿ ನೋಡೋಣ.

ನಮ್ಮ ತಲೆಯಲ್ಲಿ ನದಿ ಅಂದ್ರೆ ಕಾವೇರಿ. ತಲಕಾವೇರಿಯ ಎತ್ತರ ಸುಮಾರು 1,276 ಮೀಟರ್. ಅಲ್ಲಿಂದ ಸಮುದ್ರಕ್ಕೆ ಸುಮಾರು 800 ಕಿಲೋಮೀಟರ್. ಅಂದ್ರೆ ಆರಾಮಾಗಿ, ಊರೂರು ನೋಡ್ಕೊಂಡು ಇಳಿಯೋ ನದಿ. ಈಗ ತೀಸ್ತಾ ನೋಡಿ. ಹುಟ್ಟೋದು ಟಿಬೆಟ್ ಗಡಿಯ ಹತ್ತಿರ, 5,000 ಮೀಟರಿಗೂ ಎತ್ತರದಲ್ಲಿ, ಹಿಮನದಿ ಮತ್ತು ಕೆರೆಗಳ ಮಧ್ಯೆ. ಸಿಕ್ಕಿಂ ಒಳಗೆ ಅದರ ಉದ್ದ ಹೆಚ್ಚೂಕಮ್ಮಿ 150 ಕಿಲೋಮೀಟರ್. ಬಂಗಾಳದ ಗಡಿಯಲ್ಲಿರೋ ರಂಗ್‌ಪೋ ಊರಿಗೆ ಬರುವಾಗ ಎತ್ತರ 300 ಮೀಟರ್ ಅಷ್ಟೇ. ಬೆಂಗಳೂರಿಂದ ಮೈಸೂರಿಗೆ ಹೋಗೋ ದೂರದಲ್ಲಿ ಹತ್ತಿರ ಹತ್ತಿರ ಐದು ಕಿಲೋಮೀಟರ್ ಕೆಳಗೆ ಬೀಳುತ್ತೆ. ಹರಿಯುತ್ತೆ ಅನ್ನೋದಕ್ಕಿಂತ ಬೀಳುತ್ತೆ ಅಂದ್ರೇನೇ ಸರಿ.

ಈ 150 ಕಿಲೋಮೀಟರ್‌ನಲ್ಲಿ ಲೋಕವೇ ಬದಲಾಗುತ್ತೆ. ಮೇಲೆ ಗುರುಡೊಂಗ್ಮಾರ್ ಕೆರೆ ಹತ್ತಿರ ಒಂದು ಮರ ಇಲ್ಲ, ಹುಲ್ಲೂ ಕಮ್ಮಿ, ಕಂದು ಬಣ್ಣದ ಬಯಲು. ನಾವು ಬೆಳಗಿನ ಜಾವ ಲಾಚೆನ್ ಬಿಟ್ಟು ಅಲ್ಲಿಗೆ ಹೋದಾಗ ನನ್ನ ಫ್ರೆಂಡ್ ಹತ್ತು ಹೆಜ್ಜೆ ನಡೆದು ಕೂತುಬಿಟ್ಟ, ಉಸಿರು ಸಾಲ್ತಿರಲಿಲ್ಲ. ಕೆಳಗೆ ಬಂದ್ರೆ ದೇವದಾರು ಥರದ ಮರಗಳು, ಇನ್ನೂ ಕೆಳಗೆ ಏಲಕ್ಕಿ ತೋಟ. ಹೌದು, ಸಿಕ್ಕಿಂನಲ್ಲಿ ಏಲಕ್ಕಿ ಬೆಳೀತಾರೆ. ನಮ್ಮ ಸಕಲೇಶಪುರದ ಹಸಿರು ಏಲಕ್ಕಿ ಅಲ್ಲ, ಬಿರಿಯಾನಿಗೆ ಹಾಕ್ತಾರಲ್ಲ, ಆ ದಪ್ಪ ಕಪ್ಪು ಏಲಕ್ಕಿ. ಅದೇ ದಿನ ಸಂಜೆ ಇನ್ನೂ ಕೆಳಗಿಳಿದರೆ ಬೆವರು, ಸೊಳ್ಳೆ, ಬಾಳೆಗಿಡ.

ಹಿಮದಿಂದ ಹುಟ್ಟೋ ನದಿಗೆ ಒಂದು ದಿನಚರಿ ಇರುತ್ತೆ, ಇದನ್ನ ನಾನು ಅಲ್ಲಿಗೆ ಹೋಗೋವರೆಗೂ ಯೋಚ್ನೇನೇ ಮಾಡಿರಲಿಲ್ಲ. ಥಂಗು ಅನ್ನೋ ಹಳ್ಳಿ ಹತ್ರ ಬೆಳಿಗ್ಗೆ ಒಂದು ಸಣ್ಣ ತೊರೆ ದಾಟಿದ್ವಿ, ಕಲ್ಲಿಂದ ಕಲ್ಲಿಗೆ ಹಾರಿ, ಶೂ ಕೂಡ ನೆನೀಲಿಲ್ಲ. ಮಧ್ಯಾಹ್ನ ವಾಪಸ್ ಬರುವಾಗ ಆ ಕಲ್ಲುಗಳೇ ಕಾಣ್ಲಿಲ್ಲ. ಮಳೆ ಒಂದು ಹನಿ ಬಿದ್ದಿರಲಿಲ್ಲ. ದಾಜು ನಕ್ಕು, "ಬಿಸಿಲು ಬಂತಲ್ಲ, ಮೇಲೆ ಕರಗಿದ್ದು ಈಗ ಕೆಳಗೆ ಬಂತು" ಅಂದ್ರು. ನಮ್ಮಲ್ಲಿ ಮೋಡ ನೋಡಿ ಹೊಳೆ ದಾಟೋದನ್ನ ಕಲೀತೀವಿ. ಅಲ್ಲಿ ಗಡಿಯಾರ ನೋಡಿ ದಾಟ್ತಾರೆ.

ಬಣ್ಣವೂ ಬೇರೆ. ಹಿಮನದಿ ಜಾರುವಾಗ ಕೆಳಗಿರೋ ಬಂಡೆಯನ್ನ ಅರೆಯುತ್ತೆ, ನಮ್ಮನೆ ರುಬ್ಬೋಕಲ್ಲು ಥರ. ಆ ಕಲ್ಲಿನ ಹಿಟ್ಟು ನೀರಲ್ಲಿ ತೇಲ್ತಾ ಬರುತ್ತೆ, ಅದಕ್ಕೆ ನೀರು ಒಂಥರ ಹಾಲು ಬೆರೆಸಿದ ಹಸಿರು.

ಒಂದು ವಿಷಯ ಸ್ಪಷ್ಟ ಮಾಡ್ಬೇಕು. ತೀಸ್ತಾ ಅಂದ್ರೆ ಬರೀ ಹಿಮ ಕರಗಿದ ನೀರು ಅಂದ್ಕೋಬೇಡಿ. ಪೂರ್ವ ಹಿಮಾಲಯದಲ್ಲಿ ಮಳೆ ಭಯಂಕರ. ವರ್ಷದ ನೀರಿನಲ್ಲಿ ದೊಡ್ಡ ಪಾಲು ಮುಂಗಾರಿನದ್ದೇ. ನನ್ನ ಕಾಮರ್ಸ್ ಬುದ್ಧಿಗೆ ತೋಚಿದ್ದು ಇದು: ಮುಂಗಾರು ಅನ್ನೋದು ಸಂಬಳ, ಹಿಮನದಿ ಅನ್ನೋದು ಎಫ್‌ಡಿ. ಸಂಬಳ ಬರದ ತಿಂಗಳಲ್ಲಿ, ಮಾರ್ಚ್, ಏಪ್ರಿಲ್, ಮೇನಲ್ಲಿ ಮನೆ ನಡೆಯೋದು ಎಫ್‌ಡಿ ಬಡ್ಡಿಯಲ್ಲಿ. ನಮ್ಮ ಕಾವೇರಿಗೆ ಆ ಎಫ್‌ಡಿ ಇಲ್ಲ, ಅದಕ್ಕೇ ನಾವು ಬೇಸಿಗೆಯಲ್ಲಿ ಕೆಆರ್‌ಎಸ್ ಲೆವೆಲ್ ನೋಡ್ತಾ ಕೂರ್ತೀವಿ.

ಈಗ ಬಿಸಿ ಜಾಸ್ತಿ ಆಗಿ ಆ ಎಫ್‌ಡಿಯನ್ನ ಅವಧಿಗೆ ಮುಂಚೆ ಒಡೀತಿದೆ. ಒಡೆದ ದುಡ್ಡು ಎಲ್ಲಿ ಹೋಗುತ್ತೆ? ಅದರಲ್ಲಿ ಸ್ವಲ್ಪ ಮನೆ ಬಾಗಿಲಲ್ಲೇ ಚೀಲದಲ್ಲಿ ಕೂರುತ್ತೆ. ಆ ಚೀಲದ ಹೆಸರು ದಕ್ಷಿಣ ಲೋನಕ್ ಕೆರೆ.

ಉತ್ತರ ಸಿಕ್ಕಿಂನ ವಾಯವ್ಯ ಮೂಲೆಯಲ್ಲಿ, ಸುಮಾರು 5,200 ಮೀಟರ್ ಎತ್ತರದಲ್ಲಿ ಲೋನಕ್ ಕಣಿವೆ. ಅಲ್ಲಿನ ಹಿಮನದಿ 1962ರಿಂದ 2008ರ ಹೊತ್ತಿಗೆ ಹತ್ತಿರ ಹತ್ತಿರ 2 ಕಿಲೋಮೀಟರ್ ಹಿಂದೆ ಸರಿದಿತ್ತು. ಹಿಮನದಿ ಮುಂದೆ ಬಂದ ಕಾಲದಲ್ಲಿ ಜೆಸಿಬಿ ಥರ ಕಲ್ಲು, ಮಣ್ಣು, ಮರಳು ಎಲ್ಲ ತಳ್ಕೊಂಡು ಬಂದು ಗುಡ್ಡೆ ಹಾಕಿರುತ್ತೆ. ಅದಕ್ಕೆ ಮೊರೇನ್ ಅಂತಾರೆ. ಹಿಮ ಹಿಂದೆ ಸರಿದಾಗ ಆ ಗುಡ್ಡೆಗೂ ಹಿಮಕ್ಕೂ ನಡುವೆ ಗುಂಡಿ, ಗುಂಡಿಯಲ್ಲಿ ನೀರು. 1970ರ ದಶಕದಲ್ಲಿ ಈ ಕೆರೆ ಸುಮಾರು 20 ಹೆಕ್ಟೇರ್ ಇತ್ತು. 2023ರ ಸೆಪ್ಟೆಂಬರ್ 28ರಂದು ಇಸ್ರೋ ಉಪಗ್ರಹ ನೋಡಿದಾಗ 167.4 ಹೆಕ್ಟೇರ್.

ಅಷ್ಟು ನೀರನ್ನ ಹಿಡಿದಿದ್ದ ಗೋಡೆ ಯಾವುದು? ಸಿಮೆಂಟಿಲ್ಲ, ಇಂಜಿನಿಯರ್ ಇಲ್ಲ. ಸಡಿಲ ಕಲ್ಲು-ಮಣ್ಣಿನ ರಾಶಿ. ಅದರೊಳಗೆ ಹೆಪ್ಪುಗಟ್ಟಿದ ಮಂಜು ಅಂಟಿನ ಥರ ಕೆಲಸ ಮಾಡ್ತಿರುತ್ತೆ. ಬಿಸಿ ಏರಿದ್ರೆ ಆ ಅಂಟೂ ಕರಗುತ್ತೆ.

ಗೊತ್ತಿರಲಿಲ್ವಾ? ಗೊತ್ತಿತ್ತು. ಇದೇ ನನ್ನನ್ನ ಜಾಸ್ತಿ ಕಾಡಿದ್ದು. 2016ರಲ್ಲಿ ಸಿಕ್ಕಿಂ ಸರ್ಕಾರದ ಜೊತೆ ಲಡಾಖ್‌ನ ಸೋನಮ್ ವಾಂಗ್‌ಚುಕ್ ಮತ್ತು ಅವರ ತಂಡ ಅಲ್ಲಿಗೆ ಹೋಗಿ 8 ಇಂಚಿನ ಮೂರು ಪೈಪ್ ಹಾಕಿ ನೀರು ಹೊರಗೆ ಎಳೆಯೋ ವ್ಯವಸ್ಥೆ ಮಾಡಿದ್ರು. ನಾವು ಟ್ಯಾಂಕಿನಿಂದ ಬಕೆಟಿಗೆ ಪೈಪ್ ಹಾಕಿ ಎಳೀತೀವಲ್ಲ, ಅದೇ ತಂತ್ರ. 2019ರಲ್ಲಿ ಈ ಕೆರೆ ಒಡೆದ್ರೆ ಕೆಳಗೆ ಏನಾಗುತ್ತೆ ಅಂತ ಲೆಕ್ಕ ಹಾಕಿದ ಒಂದು ಸಂಶೋಧನಾ ಪ್ರಬಂಧ ಬಂತು. ಅದನ್ನ ಬರೆದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಐಐಎಸ್‌ಸಿಯ ದಿವೇಚಾ ಸೆಂಟರ್‌ನ ವಿಜ್ಞಾನಿ ಅನಿಲ್ ಕುಲಕರ್ಣಿ. ಯಶವಂತಪುರದಲ್ಲಿ ನಾನು ದಿನಾ ಬಸ್ ಹಿಡೀತಿದ್ದ ಜಾಗಕ್ಕೆ ಹತ್ತು ನಿಮಿಷ ದೂರ. ನಾನು ಆ ಗೇಟಿನ ಮುಂದೆ ಎಷ್ಟು ಸಲ ಹೋಗಿದೀನೋ, ಲೋನಕ್ ಅನ್ನೋ ಹೆಸರು ಕೇಳಿದ್ದು ಮಾತ್ರ ಜನ ಸತ್ತ ಮೇಲೆ. 2023ರ ಸೆಪ್ಟೆಂಬರ್‌ನಲ್ಲಿ ಕೆರೆ ಹತ್ರ ಕ್ಯಾಮೆರಾ, ಹವಾಮಾನ ಉಪಕರಣ ಕೂಡ ಇಟ್ಟು ಬಂದಿದ್ರು. ಕೆಳಗಿನವರಿಗೆ ಎಚ್ಚರಿಕೆ ಗಂಟೆ ಬಾರಿಸೋ ವ್ಯವಸ್ಥೆ ಮುಂದಿನ ಹಂತದಲ್ಲಿ ಆಗಬೇಕಿತ್ತು. ಒಂದು ತಿಂಗಳೂ ಕಾಯ್ಲಿಲ್ಲ ಕೆರೆ.

ಅಕ್ಟೋಬರ್ 3, ರಾತ್ರಿ 10 ಗಂಟೆ ಆದ ಮೇಲೆ. ಕೆರೆಯ ಉತ್ತರ ಬದಿಯ ಗುಡ್ಡೆ, ಹೆಪ್ಪುಗಟ್ಟಿದ ಮೊರೇನ್, ಕುಸಿದು ನೀರಿಗೆ ಬಿತ್ತು. ಎಷ್ಟು? 2025ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಸುಮಾರು 1.47 ಕೋಟಿ ಘನ ಮೀಟರ್. ತುಂಬಿದ ಬಕೆಟಿಗೆ ಮೇಲಿಂದ ಕಲ್ಲು ಹಾಕಿದ ಹಾಗೆ. ಸುಮಾರು 20 ಮೀಟರ್ ಎತ್ತರದ ಅಲೆ ಎದ್ದು ಮುಂದಿನ ಗೋಡೆಯನ್ನ ಹಾರಿ ಕೊರೆದುಬಿಡ್ತು. ಮಾರನೇ ದಿನ ಬೆಳಿಗ್ಗೆ ಉಪಗ್ರಹ ನೋಡುವಾಗ ಕೆರೆ 60.3 ಹೆಕ್ಟೇರ್. ನೂರಕ್ಕೂ ಹೆಚ್ಚು ಹೆಕ್ಟೇರ್ ಕೆರೆ ಒಂದೇ ರಾತ್ರಿಯಲ್ಲಿ ಖಾಲಿ.

ಈಗ ನನ್ನ ಕ್ಯಾಲ್ಕುಲೇಟರ್ ಲೆಕ್ಕ. ಹೊರಬಂದ ನೀರು ಸುಮಾರು 5 ಕೋಟಿ ಘನ ಮೀಟರ್. ಇದು ನಮಗೆ ಅರ್ಥ ಆಗಲ್ಲ, ಟಿಎಂಸಿ ಅಂದ್ರೆ ಮಾತ್ರ ಅರ್ಥ ಆಗುತ್ತೆ. ಸುಮಾರು 1.8 ಟಿಎಂಸಿ. ಕೆಆರ್‌ಎಸ್ ತುಂಬಿದ್ರೆ 49 ಟಿಎಂಸಿ. ಮಂಡ್ಯದ ಕೇಳುಗರು "ಇಷ್ಟೇನಾ?" ಅಂತಿರ್ತೀರಿ. ನಾನೂ ಹಾಗೇ ಅಂದ್ಕೊಂಡೆ. ಜುಲೈ, ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ಅಷ್ಟು ನೀರನ್ನ ಒಂದೆರಡು ದಿನದಲ್ಲಿ ಬಿಡ್ತಾರೆ, ನಾವು ಸೇತುವೆ ಮೇಲೆ ನಿಂತು ರೀಲ್ಸ್ ಮಾಡ್ತೀವಿ. ಆದರೆ ಅಲ್ಲಿ ಅಷ್ಟು ನೀರು ಇಕ್ಕಟ್ಟಾದ ಕಣಿವೆಯಲ್ಲಿ, ಏಣಿ ಥರ ಇರೋ ಇಳಿಜಾರಿನಲ್ಲಿ, ಕೆಲವೇ ಗಂಟೆಗಳಲ್ಲಿ ನುಗ್ಗಿತು. ದಾರಿಯುದ್ದಕ್ಕೂ ದಡ ಕೊರೀತಾ, ಗುಡ್ಡ ಕುಸಿಸುತ್ತಾ ಬಂತು. ಹೀಗೆ ಕೊರೆದ ಮಣ್ಣು-ಕಲ್ಲು ಎಷ್ಟು ಗೊತ್ತಾ? ಅದೇ ಅಧ್ಯಯನದ ಲೆಕ್ಕ 27 ಕೋಟಿ ಘನ ಮೀಟರ್. ಟಿಎಂಸಿಯಲ್ಲಿ ಹೇಳಿದ್ರೆ ಒಂಬತ್ತೂವರೆ. ನೀರು 1.8, ಮಣ್ಣು 9.5. ನೀರಿನ ಐದು ಪಟ್ಟಿಗಿಂತ ಹೆಚ್ಚು. ಕೆಳಗಿನ ಊರುಗಳ ಮೇಲೆ ಬಂದಿದ್ದನ್ನ ಪ್ರವಾಹ ಅನ್ನೋಕೆ ನನಗೆ ಮನಸ್ಸು ಬರಲ್ಲ. ಅದು ಹರಿಯೋ ಬೆಟ್ಟ.

ಆ 2016ರ ಪೈಪ್ ಲೆಕ್ಕಾನೂ ಹಾಕಿದೆ. ಸೆಕೆಂಡಿಗೆ ಸುಮಾರು 150 ಲೀಟರ್ ಹೋಗೋ ವ್ಯವಸ್ಥೆ. 5 ಕೋಟಿ ಘನ ಮೀಟರ್ ಖಾಲಿ ಮಾಡ್ಬೇಕಂದ್ರೆ, ಒಂದು ಸೆಕೆಂಡೂ ನಿಲ್ಲದೆ, ಹೊಸ ನೀರು ಒಂದು ಹನಿ ಸೇರದೆ, ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಹಾಕಿದವರನ್ನ ಆಡಿಕೊಳ್ತಿಲ್ಲ. ಆ ಚಳಿಯಲ್ಲಿ, ಆ ಎತ್ತರದಲ್ಲಿ ಪೈಪ್ ಹೊತ್ತವರಿಗೆ ಅದು ಮೊದಲ ಹೆಜ್ಜೆ ಅಂತ ಗೊತ್ತಿತ್ತು. ಎರಡನೇ ಹೆಜ್ಜೆ ಇಡೋಕೆ ಏಳು ವರ್ಷ ಇತ್ತು.

ಕೆರೆಯಿಂದ ಹೊರಟ ನೀರು ಝೆಮು ಹೊಳೆ ಸೇರಿ, ಲಾಚೆನ್ ದಾಟಿ, ಮಧ್ಯರಾತ್ರಿ ಕಳೆದ ಮೇಲೆ ಚುಂಗ್‌ಥಾಂಗ್‌ಗೆ ಬಂತು. ಚುಂಗ್‌ಥಾಂಗ್ ಅನ್ನೋದು ಎರಡು ಹೊಳೆ ಸೇರೋ ಊರು. ಒಂದು ಕಡೆಯಿಂದ ಲಾಚೆನ್ ಚು, ಇನ್ನೊಂದು ಕಡೆಯಿಂದ ಲಾಚುಂಗ್ ಚು. ಚು ಅಂದ್ರೆ ನೀರು, ಹೊಳೆ. ಸೇರಿದ ಕೂಡಲೇ ತೀಸ್ತಾ-3 ಯೋಜನೆಯ ಡ್ಯಾಮ್. 60 ಮೀಟರ್ ಎತ್ತರ, 1,200 ಮೆಗಾವ್ಯಾಟ್, 2017ರಲ್ಲಿ ಶುರುವಾಗಿತ್ತು. ಆ ಡ್ಯಾಮ್ ಕೊಚ್ಚಿಹೋಯ್ತು. ಅದರ ಹಿಂದೆ ನಿಂತಿದ್ದ ನೀರೂ ಸೇರಿ ಡಿಕ್ಚು, ಸಿಂಗ್‌ತಾಮ್, ರಂಗ್‌ಪೋ ಮೇಲೆ ಹೋಯ್ತು. ಸಿಂಗ್‌ತಾಮ್‌ನ ಇಂದ್ರೇಣಿ ಸೇತುವೆ ಹೋಯ್ತು. ಸಿಂಗ್‌ತಾಮ್ ಹತ್ತಿರ ಸೇನೆಯ ವಾಹನಗಳು ಕೆಸರಿನಡಿ ಹೋದವು, ಯೋಧರೂ ಹೋದ್ರು. ಕೊಚ್ಚಿಹೋದ ಮದ್ದುಗುಂಡು ಕೆಳಗೆ ಜಲಪಾಯಿಗುರಿ ಜಿಲ್ಲೆಯವರೆಗೂ ತೇಲಿ ಬಂದು, ಅಲ್ಲಿ ಸಿಡಿದು ಒಂದು ಮಗು ಸತ್ತಿತು. ಒಟ್ಟು 55 ಜನ ಸತ್ತರು, 74 ಜನ ಸಿಗಲೇ ಇಲ್ಲ. ಕೆಸರು ನೀರು ಬಾಂಗ್ಲಾದೇಶದವರೆಗೂ ಹೋಯ್ತು.

ನಾನು ಆ ವಿಡಿಯೋ ನೋಡಿದ್ದು ಆಫೀಸಿನ ಲಂಚ್ ಬ್ರೇಕಲ್ಲಿ. ಆಗ ಇನ್ನೂ ಕೆಲಸ ಬಿಟ್ಟಿರಲಿಲ್ಲ. ಚುಂಗ್‌ಥಾಂಗ್ ಹೆಸರು ಕೇಳಿ ಗ್ಯಾಲರಿ ತೆಗೆದು ನೋಡಿದ್ರೆ ನನ್ನದೇ ಒಂದು ಸೆಲ್ಫಿ, ಹಿಂದೆ ಹೊಳೆ, ಪಕ್ಕದಲ್ಲಿ ಒಂದು ಸಣ್ಣ ಹೋಟೆಲ್. ಅಲ್ಲಿನ ಅಕ್ಕ ನಮಗೆ ಮೊಮೊ ಕೊಟ್ಟು, ನನ್ನ ಫೋನನ್ನ ಅಡುಗೆಮನೆ ಪ್ಲಗ್ಗಿಗೆ ಚಾರ್ಜ್‌ಗೆ ಹಾಕಿಕೊಟ್ಟಿದ್ರು. ಹೆಸರು ಕೇಳಿರಲಿಲ್ಲ ನಾನು. ದಾಜುಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಎರಡನೇ ದಿನ, ಮೂರನೇ ದಿನ, ಸ್ವಿಚ್ ಆಫ್. ವಾಟ್ಸಾಪಲ್ಲಿ ಒಂದೇ ಟಿಕ್. ಆರನೇ ದಿನ ಎರಡು ಟಿಕ್ ಬಂತು, ಆಮೇಲೆ ಒಂದು ವಾಯ್ಸ್ ನೋಟ್. ಮನೆಯವರೆಲ್ಲ ಇದ್ದಾರೆ, ಗುಡ್ಡದ ಮೇಲಿರೋ ಮಾವನ ಮನೆಯಲ್ಲಿದ್ದೀವಿ ಅಂದ್ರು. ಗಾಡಿ ಸಿಂಗ್‌ತಾಮ್‌ನಲ್ಲಿ ನದಿ ಪಕ್ಕ ನಿಲ್ಲಿಸಿತ್ತು, ಅದಿಲ್ಲ. "ಭಾಯ್, ಇನ್ನೂ 31 ಇಎಂಐ ಬಾಕಿ ಇದೆ" ಅಂದು ನಕ್ಕರು. ಆ ನಗು ಕೇಳಿ ನನಗೆ ನೆನಪಾಗಿದ್ದು ಆ 500 ರೂಪಾಯಿ ಚೌಕಾಸಿ. ಆಮೇಲೆ ಸ್ವಲ್ಪ ದುಡ್ಡು ಕಳಿಸಿದ್ವಿ ಮೂವರೂ. ಅದರಿಂದ ಲೆಕ್ಕ ಚುಕ್ತಾ ಆಯ್ತು ಅಂತ ನನಗೇನೂ ಅನ್ನಿಸಿಲ್ಲ.

ಈ ನದಿ ದಡದಲ್ಲಿ ತುಂಬಾ ಹಿಂದಿನಿಂದ ಇರೋ ಜನ ಲೆಪ್ಚಾಗಳು. ಅವರು ತೀಸ್ತಾವನ್ನ ರೊಂಗ್ನ್ಯು ಅಂತಾರೆ. ಅವರಲ್ಲಿ ಒಂದು ಕಥೆ ಇದೆ. ರೊಂಗ್ನ್ಯು ಮತ್ತು ರಂಗೀತ್ ಪ್ರೇಮಿಗಳು. ಬೆಟ್ಟದಿಂದ ಬೇರೆ ಬೇರೆ ದಾರಿಯಲ್ಲಿ ಇಳಿದು ಕೆಳಗೆ ಸೇರೋಣ ಅಂತ ಮಾತಾಡ್ಕೊಂಡ್ರಂತೆ. ಅವಳಿಗೆ ದಾರಿ ತೋರಿಸೋಕೆ ಹಾವು, ಅವನಿಗೆ ಹಕ್ಕಿ. ಹಾವು ನೇರ ಬಂತು. ಹಕ್ಕಿ ಹಸಿವು ಅಂತ ಅಲ್ಲಿ ಇಲ್ಲಿ ಹಾರಿ ಲೇಟ್ ಮಾಡ್ತು. ಅವಳು ಮೊದಲೇ ಬಂದಿದ್ದು ನೋಡಿ ರಂಗೀತ್‌ಗೆ ಸಿಟ್ಟು. ನೀರು ಹಿಂದಕ್ಕೆ ಏರಿ ಊರೆಲ್ಲ ಮುಳುಗಿ, ಜನ ತೆಂಡೊಂಗ್ ಬೆಟ್ಟದ ಮೇಲೆ ಹತ್ತಿ ಬದುಕಿದ್ರಂತೆ. ಇವತ್ತಿಗೂ ಆ ಬೆಟ್ಟಕ್ಕೆ ಪೂಜೆ ಇದೆ. ಡಾರ್ಜಿಲಿಂಗ್ ದಾರಿಯಲ್ಲಿ ಎರಡು ನದಿ ಸೇರೋ ಜಾಗ ಮೇಲಿಂದ ಕಾಣುತ್ತೆ, ಎರಡೂ ಬೇರೆ ಬೇರೆ ಬಣ್ಣ. ಟೂರಿಸ್ಟ್‌ಗಳಿಗೆ ಅದು ಲವರ್ಸ್ ಮೀಟ್. ಕಥೆಯ ಮೊದಲರ್ಧ ಬೋರ್ಡ್ ಮೇಲಿದೆ, ಪ್ರವಾಹದ ಅರ್ಧ ಬೋರ್ಡಿಗೆ ಬಂದಿಲ್ಲ.

ಇತಿಹಾಸದಲ್ಲೂ ಈ ನದಿ ಒಂದೇ ಕಡೆ ಕೂತಿದ್ದಲ್ಲ. 1787ಕ್ಕೆ ಮುಂಚೆ ತೀಸ್ತಾ ಬಯಲಿಗೆ ಬಂದು ಕವಲೊಡೆದು ಗಂಗೆಯ ಕಡೆ ಹೋಗ್ತಿತ್ತು. ಆ ವರ್ಷದ ದೊಡ್ಡ ಪ್ರವಾಹದಲ್ಲಿ ದಾರಿ ಬದಲಿಸಿ ಬ್ರಹ್ಮಪುತ್ರದ ಕಡೆ ಹೊರಳಿತು, ಇವತ್ತಿಗೂ ಅದೇ ದಾರಿ. 1968ರ ಅಕ್ಟೋಬರ್ 4ರಂದು ಜಲಪಾಯಿಗುರಿ ಪಟ್ಟಣ ಮುಳುಗಿತ್ತು, ತೀಸ್ತಾ ಬಜಾರ್‌ನ ಆಂಡರ್ಸನ್ ಸೇತುವೆ ಹೋಗಿತ್ತು. ಅದು ಮಳೆಯ ಪ್ರವಾಹ. ಸರಿಯಾಗಿ 55 ವರ್ಷ ಆದ ಮೇಲೆ, ಅದೇ ತಾರೀಖು, ಈ ಪ್ರವಾಹ. ಇದಕ್ಕೆ ಅರ್ಥ ಹುಡುಕಬೇಡಿ, ಕಾಕತಾಳೀಯ ಅಷ್ಟೇ.

ಈಗ ಮುಂದೇನು? ಚುಂಗ್‌ಥಾಂಗ್‌ನಲ್ಲಿ ಮತ್ತೆ ಡ್ಯಾಮ್ ಕಟ್ಟೋಕೆ 2025ರ ಜನವರಿಯಲ್ಲಿ ಕೇಂದ್ರದ ತಜ್ಞರ ಸಮಿತಿ ಒಪ್ಪಿಗೆಯ ಶಿಫಾರಸು ಮಾಡಿತು. ಈ ಸಲ ಕಾಂಕ್ರೀಟಿನದ್ದು, ಎತ್ತರ 118.64 ಮೀಟರ್, ಹಳೆಯದರ ಹೆಚ್ಚೂಕಮ್ಮಿ ಎರಡರಷ್ಟು. ಅದೇ ತಿಂಗಳ ಕೊನೆಗೆ ನಾನು ಹೇಳಿದ ಆ ಅಧ್ಯಯನ ಪ್ರಕಟ ಆಯ್ತು. ಕರೆಂಟ್ ಬೇಡ ಅಂತ ನಾನು ಹೇಳಲ್ಲ, ಈ ಎಪಿಸೋಡ್ ರೆಕಾರ್ಡ್ ಆಗ್ತಿರೋದೂ ಕರೆಂಟಲ್ಲೇ. ಆದರೆ ಬ್ಯಾಲೆನ್ಸ್ ಶೀಟ್ ಓದೋಕೆ ಕಲಿತವನಾಗಿ ಕೇಳ್ತೀನಿ: ಯೋಜನೆ ವೆಚ್ಚದಲ್ಲಿ ಮೇಲಿನ ಕೆರೆಗಳ ಅಪಾಯವನ್ನ ಯಾವ ಕಾಲಂನಲ್ಲಿ ಬರೆದಿದ್ದಾರೆ? ದಾಜು ಗಾಡಿಯ 31 ಇಎಂಐ ಯಾರ ಖಾತೆಗೆ? 2007ರಲ್ಲಿ ಲೆಪ್ಚಾ ಯುವಕರು ಈ ಕಣಿವೆಯ ಡ್ಯಾಮ್‌ಗಳ ವಿರುದ್ಧ ಉಪವಾಸ ಕೂತಿದ್ರು. ಆಗ ಅವರನ್ನ ಅಭಿವೃದ್ಧಿ ವಿರೋಧಿಗಳು ಅಂತ ಕರೆದವರಿಗೆ ಲೋನಕ್ ಕೆರೆ ಒಂದು ಉತ್ತರ ಕೊಟ್ಟಿದೆ ಅಂತ ನನಗೆ ಅನ್ನಿಸುತ್ತೆ.

ನದಿಯ ತಳದಲ್ಲಿ ಆ ಒಂಬತ್ತೂವರೆ ಟಿಎಂಸಿಯ ಸುಮಾರು ಭಾಗ ಇನ್ನೂ ಕೂತಿದೆ. ತಳ ಮೇಲೆ ಬಂದಿರೋದ್ರಿಂದ ಮುಂಚೆ ದಡದೊಳಗೆ ಹೋಗ್ತಿದ್ದ ಮಳೆನೀರು ಈಗ ರಸ್ತೆಗೆ ಬರುತ್ತೆ. 2024ರ ಜೂನ್‌ನಲ್ಲಿ ತೀಸ್ತಾ ಬಜಾರ್ ಹತ್ತಿರ ರಸ್ತೆ ಮುಳುಗಿದ್ದು ಹಾಗೇ. ಅಲ್ಲಿ ಯಾವ ಕೆರೆಯೂ ಒಡೆದಿರಲಿಲ್ಲ.

ಕಳೆದ ವಾರ ಈ ಎಪಿಸೋಡ್ ಬರೀತಾ ದಾಜುಗೆ ಫೋನ್ ಮಾಡಿದೆ. ಈಗ ಬೇರೆಯವರ ಗಾಡಿ ಓಡಿಸ್ತಿದ್ದಾರೆ, ತಿಂಗಳ ಸಂಬಳಕ್ಕೆ. ಹಳೆ ಸಾಲದಲ್ಲಿ ಇನ್ನೂ ಸ್ವಲ್ಪ ಉಳಿದಿದೆಯಂತೆ. ಚುಂಗ್‌ಥಾಂಗ್‌ನ ಆ ಹೋಟೆಲ್ ಬಗ್ಗೆ ಕೇಳಿದೆ. ಹೋಟೆಲ್ ಇಲ್ಲ, ಅಕ್ಕ ಇದ್ದಾರೆ, ಮಂಗನ್‌ನಲ್ಲಿ ತಂಗಿ ಮನೆ ಹತ್ರ ತರಕಾರಿ ಇಟ್ಟುಕೊಂಡಿದ್ದಾರೆ ಅಂದ್ರು. ಹೆಸರು ಕೇಳಿದೆ ಈ ಸಲ. ಅದನ್ನ ಇಲ್ಲಿ ಹೇಳಲ್ಲ. ಫೋನ್ ಇಡೋ ಮುಂಚೆ, "ಈಗ ಗಾಡಿ ಎಲ್ಲಿ ನಿಲ್ಲಿಸ್ತೀರಿ ದಾಜು?" ಅಂತ ಕೇಳಿದ್ದಕ್ಕೆ, "ಮೇಲಿನ ರಸ್ತೆಯಲ್ಲೇ. ರಾತ್ರಿ ನಡ್ಕೊಂಡು ಇಳೀತೀನಿ, ಇಪ್ಪತ್ತು ನಿಮಿಷ" ಅಂದ್ರು.

ಶಿವಮೊಗ್ಗದ ಆ ಕೇಳುಗರಿಗೆ ಥ್ಯಾಂಕ್ಸ್. ಇದರಲ್ಲೂ ಏನಾದ್ರೂ ತಪ್ಪಿದ್ರೆ ಹೋದ್ಸಲದ ಥರಾನೇ ಮೆಸೇಜ್ ಮಾಡಿ. ಮುಂದಿನ ಶನಿವಾರ ಸಿಗೋಣ.